ಮುಗಿಸಲೇಬೇಕಾದ ಹಾದಿಯೇನಲ್ಲ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ನೆಲೆಸಿ ಬಹಳ ವರ್ಷವಾಯಿತು. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಹನ್ನೆರಡು ವರ್ಷದ ಮಗನಿದ್ದಾನೆ. ಕಳೆದ ವರ್ಷ ನನ್ನ ಯಜಮಾನರಿಗೆ ಅಪಲೇಚಿಯನ್ ಟ್ರೇಲ್ ಹುಚ್ಚು ಹತ್ತಿತು. ಕೆಲಸ ಬಿಟ್ಟು ಆರು ತಿಂಗಳು ನಡೆಯುವುದಂತೂ ಆಗದ ಮಾತು. ಅದಕ್ಕೇ ನಮ್ಮ ರಾಜ್ಯದೊಳಗೆ ಬರುವ 72 ಮೈಲಿಯನ್ನಾದರೂ ವಾರಾಂತ್ಯಕ್ಕಿಷ್ಟು ಎಂದು ಮುಗಿಸೋಣ ಅಂತ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿಟ್ಟಿದ್ದಾರೆ. ಮೊದಲ ತುಂಡಿಗೆ ಮೂವರೂ ಹೋದೆವು. ಅರ್ಧ ದಿನ ನಡೆದರೂ ಕಂಡದ್ದು ಮರ, ಕಲ್ಲು, ಮತ್ತೆ ಮರ. ವಾಪಸು ಬರುವಾಗ ಮಗ ಕಾರಿನಲ್ಲೇ "ಇನ್ನು ನನ್ನನ್ನ ಕರೀಬೇಡಿ" ಅಂದುಬಿಟ್ಟ. ಮೇ ತಿಂಗಳಲ್ಲಿ ಅಪ್ಪ, ಅಮ್ಮ ಸಾಗರದಿಂದ ಬರುತ್ತಿದ್ದಾರೆ, ಅಕ್ಟೋಬರ್ ಕೊನೆಯವರೆಗೂ ಇರುತ್ತಾರೆ. ಅಪ್ಪನಿಗೆ 69. ಪ್ರಾಯದಲ್ಲಿ ಕೊಡಚಾದ್ರಿ ಹತ್ತಿಳಿದವರು, ಈಗಲೂ ದಿನಾ ವಾಕಿಂಗ್ ತಪ್ಪಿಸುವುದಿಲ್ಲ. ಅಮ್ಮನಿಗೆ ಮಂಡಿನೋವು. ಚೆನ್ನಾಗಿರುವ ಜಾಗಗಳನ್ನಷ್ಟೇ ಆರಿಸಿಕೊಂಡು ಎಲ್ಲರೂ ಒಟ್ಟಿಗೆ ಹೋಗೋಣ ಎಂದರೆ ಇವರು "ಅದು ಟ್ರೇಲ್ ಮಾಡಿದ ಹಾಗಲ್ಲ, ಮೋಸ" ಎನ್ನುತ್ತಾರೆ. ಇಷ್ಟು ಸಣ್ಣ ವಿಷಯಕ್ಕೆ ಮನೆಯಲ್ಲಿ ಮಾತು ಬೆಳೆಯುತ್ತಿದೆ. ಯಾವುದನ್ನು ಆರಿಸಲಿ, ಹೇಗೆ ಆರಿಸಲಿ?
— ಹೆಸರು ಬೇಡ, ನ್ಯೂಜೆರ್ಸಿ

ಉತ್ತರ: ಮೋಸ ಎಂಬ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಈ ಹಾದಿಯನ್ನು ಕನಸಿದವರು ಬೆಂಟನ್ ಮೆಕಾಯ್. 1921ರಲ್ಲಿ ಅವರು ವಾಸ್ತುಶಿಲ್ಪಿಗಳ ಪತ್ರಿಕೆಯೊಂದಕ್ಕೆ ಬರೆದ ಲೇಖನದಿಂದ ಎಲ್ಲ ಶುರುವಾಯಿತು. ಜಾರ್ಜಿಯಾದಿಂದ ಮೇನ್‌ವರೆಗೆ ಒಂದೇ ಉಸಿರಿಗೆ ನಡೆಯುವ ಸಾಹಸಿಗಳು ಆಗ ಅವರ ಮನಸ್ಸಿನಲ್ಲಿರಲಿಲ್ಲ. ಪೂರ್ವ ಕರಾವಳಿಯ ನಗರಗಳಲ್ಲಿ ದುಡಿದು ಸುಸ್ತಾದವರಿಗೆ ಸಿಕ್ಕ ನಾಲ್ಕು ದಿನದ ರಜೆಯಲ್ಲಿ ಬೆಟ್ಟ ಕೈಗೆಟುಕಲಿ ಎಂಬುದು ಅವರ ಆಸೆಯಾಗಿತ್ತು. ಎರಡು ವರ್ಷದಲ್ಲೇ, 1923ರಲ್ಲಿ, ಹಾದಿಯ ಮೊದಲ ತುಂಡು ತೆರೆದದ್ದೂ ನ್ಯೂಯಾರ್ಕ್ ನಗರದ ಹತ್ತಿರದ ಬೇರ್ ಮೌಂಟನ್, ಹ್ಯಾರಿಮನ್ ಬೆಟ್ಟಗಳಲ್ಲಿ. 1937ರಲ್ಲಿ ಇಡೀ ಹಾದಿ ಕೂಡಿಕೊಂಡಿತು. ಒಂದೇ ಸಲಕ್ಕೆ ಅದನ್ನು ಪೂರ್ತಿ ನಡೆದೆ ಎಂದು ಅರ್ಲ್ ಶೇಫರ್ ಎಂಬವರು ಮೊದಲು ಹೇಳಿದ್ದು 1948ರಲ್ಲಿ. ಅಂದರೆ "ಮುಗಿಸುವುದು" ಆಮೇಲೆ ಬಂದ ಸೇರ್ಪಡೆ. ಈಗಲೂ ವರ್ಷಕ್ಕೆ ಸುಮಾರು 30 ಲಕ್ಷ ಜನ ಈ ಹಾದಿಗೆ ಕಾಲಿಡುತ್ತಾರೆ. ಪೂರ್ತಿ ನಡೆಯುತ್ತೇನೆಂದು ಹೊರಡುವವರು ಅದರಲ್ಲಿ ಕೆಲವೇ ಸಾವಿರ, ಮುಟ್ಟುವವರು ಅವರಲ್ಲಿ ನಾಲ್ಕಕ್ಕೆ ಒಬ್ಬರು. ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರುವ ನಿಮ್ಮಂಥವರಿಗೇ ಆ ಹಾದಿ ಮಾಡಿದ್ದು.

ನಿಮ್ಮ ಯಜಮಾನರ ಎಕ್ಸೆಲ್ ಪಟ್ಟಿಯಲ್ಲಿ ಒಂದು ಲೆಕ್ಕ ತಪ್ಪಿದೆ ಎಂದು ನನಗೆ ಅನುಮಾನ. 72 ಮೈಲಿ ಎಂದರೆ ಸುಮಾರು 116 ಕಿ.ಮೀ. ಆದರೆ ಒಂದೇ ಕಾರಿನಲ್ಲಿ ಹೋಗುವವರು ನಿಲ್ಲಿಸಿದ ಕಡೆಗೇ ಹಿಂದಿರುಗಬೇಕು. ಪ್ರತಿ ತುಂಡನ್ನೂ ಎರಡೆರಡು ಸಲ ತುಳಿಯುತ್ತೀರಿ, 116 ಹೋಗಿ 232 ಆಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ನಿಮ್ಮ ಮಗ ಬೇಡವೆಂದ ಆ ಮರ, ಕಲ್ಲು, ಮತ್ತೆ ಮರ.

ಹೀಗೇಕೆ ಎಂದು ತಿಳಿದರೆ ಆರಿಸುವ ಕೆಲಸ ಅರ್ಧ ಮುಗಿಯಿತು. ಅಪಲೇಚಿಯನ್ ಬೆಟ್ಟಗಳು ಬಹಳ ಹಳೆಯವು, ಸವೆದವು. ನಿಮ್ಮ ಕಡೆಯ ಏಣುಗಳು ಐನೂರು ಮೀಟರ್ ಮುಟ್ಟಿದರೆ ಹೆಚ್ಚು. ನ್ಯೂಜೆರ್ಸಿಯ ಅತಿ ಎತ್ತರದ ಹೈ ಪಾಯಿಂಟ್ ಕೂಡ 550 ಮೀಟರ್ ಅಷ್ಟೇ. ನ್ಯೂಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್‌ನಲ್ಲಿ 1,350 ಮೀಟರ್ ಆಸುಪಾಸಿಗೆ ಮರಗಳು ಕುಳ್ಳಾಗಿ ನಿಂತೇ ಹೋಗುತ್ತವೆ, ಅಲ್ಲಿಂದ ಮೇಲೆ ಹೋದಲ್ಲೆಲ್ಲ ಬಯಲು. ನಿಮ್ಮಲ್ಲಿ ಹಾಗಲ್ಲ, ಶಿಖರದ ತುದಿಯವರೆಗೂ ಓಕ್ ಮರಗಳು. ಎತ್ತರಕ್ಕೆ ಹೋದ ಮಾತ್ರಕ್ಕೆ ಏನೂ ಕಾಣಿಸುವುದಿಲ್ಲ. ಬಂಡೆಯ ಅಂಚು, ಕೆರೆ, ಜೌಗು, ಹೊಲ, ಗೋಪುರ, ಇಂಥ ಯಾವುದೋ ಒಂದು ಕಾಡನ್ನು ತೆರೆದರೆ ಮಾತ್ರ ಕಣ್ಣಿಗೆ ಕೆಲಸ. ಟ್ರೇಲ್‌ನವರು ಈ ಹಾದಿಯನ್ನು ಗ್ರೀನ್ ಟನಲ್ ಎಂದು ರೇಗಿಸುವುದು ಅದಕ್ಕೇ. ಆದ್ದರಿಂದ ಮೈಲಿಗಲ್ಲಿನಿಂದ ಮೈಲಿಗಲ್ಲಿಗೆ ಎಂದು ಹೊರಡಬೇಡಿ. ಕಾಡು ತೆರೆದುಕೊಳ್ಳುವ ಒಂದು ಜಾಗವನ್ನು ನಕ್ಷೆಯಲ್ಲಿ ಹಿಡಿಯಿರಿ, ಅದಕ್ಕೆ ಹತ್ತಿರದ ರಸ್ತೆ ದಾಟು ಯಾವುದು ನೋಡಿ, ಅಲ್ಲಿ ಕಾರು ನಿಲ್ಲಿಸಿ, ನಡೆದು ತಲುಪಿ, ಬುತ್ತಿ ಬಿಚ್ಚಿ, ವಾಪಸು ಬನ್ನಿ. ನ್ಯೂಯಾರ್ಕ್-ನ್ಯೂಜೆರ್ಸಿ ಟ್ರೇಲ್ ಕಾನ್ಫರೆನ್ಸ್‌ನವರ ನಕ್ಷೆಯಲ್ಲಿ ನೋಟದ ಜಾಗಗಳಿಗೆ ಗುರುತು ಹಾಕಿರುತ್ತಾರೆ, ಫೋನ್‌ನಲ್ಲೂ ಸಿಗುತ್ತದೆ. ಅದನ್ನು ಮಗನ ಕೈಗೆ ಕೊಡಿ. ಎಲ್ಲಿ ತಿರುಗಬೇಕೆಂದು ಹೇಳುವ ಅಧಿಕಾರ ಅವನದಾದರೆ ಮುಖದ ಗಂಟು ಅರ್ಧ ಸಡಿಲಾಗುತ್ತದೆ.

ಇನ್ನೊಂದು ಮಾತು, ಇದು ಯಜಮಾನರ ಕಿವಿಗೆ. ಎರಡು ಇಂಚು ಅಗಲ, ಆರು ಇಂಚು ಉದ್ದದ ಬಿಳಿ ಪಟ್ಟೆ ಮುಖ್ಯ ಹಾದಿಯದು. ಎರಡು ಪಟ್ಟೆ ಒಂದರ ಮೇಲೊಂದಿದ್ದರೆ ತಿರುವು ಇದೆ, ಜಾಗ್ರತೆ ಎಂದರ್ಥ. ನೀಲಿ ಪಟ್ಟೆ ಸಾಮಾನ್ಯವಾಗಿ ಕವಲು ದಾರಿಯದು. ಹಠ ಹಿಡಿದವರು ನೀಲಿಗೆ ಕಾಲಿಡುವುದಿಲ್ಲ. ತಮಾಷೆಯೆಂದರೆ ಎಷ್ಟೋ ಕಡೆ ನೋಟ ಇರುವುದು ನೀಲಿಯ ತುದಿಯಲ್ಲೇ. ಹಡ್ಸನ್ ನದಿಯನ್ನು ನೇರ ಕೆಳಗೆ ತೋರಿಸುವ ಆಂಥನೀಸ್ ನೋಸ್ ಬಂಡೆಗೆ ಬಿಳಿ ಪಟ್ಟೆ ಹೋಗುವುದೇ ಇಲ್ಲ, ಏಣು ಹತ್ತಿಸಿ ಬೇರೆ ಕಡೆ ತಿರುಗಿಬಿಡುತ್ತದೆ. ಬಿಳಿಯನ್ನೇ ನಂಬಿದವರು ಕಡಿದಾದ ಏರು ಹತ್ತಿದ ಮೇಲೂ ಕಾಡನ್ನೇ ನೋಡಿಕೊಂಡು ಮುಂದಕ್ಕೆ ಹೋಗುತ್ತಾರೆ.

ಇನ್ನು ಜಾಗಗಳು. ಅಪ್ಪ, ಅಮ್ಮ ಬಂದ ಮೊದಲ ತಿಂಗಳಿಗೆ ನನ್ನ ಆಯ್ಕೆ ಬೇರ್ ಮೌಂಟನ್. ಇದು ನ್ಯೂಯಾರ್ಕ್ ರಾಜ್ಯಕ್ಕೆ ಸೇರಿದ್ದು, ಎಕ್ಸೆಲ್ ಪಟ್ಟಿಯಲ್ಲಿ ಇರಲಾರದು. ಇರಲಿ. ಶಿಖರ 393 ಮೀಟರ್ ಎಂದರೆ ಕೊಡಚಾದ್ರಿಯ 1,343 ಮೀಟರ್ ನೋಡಿದ ನಿಮ್ಮ ತಂದೆ ನಗುತ್ತಾರೆ. ಆದರೆ ಇಲ್ಲಿ ನಡಿಗೆ ಶುರುವಾಗುವುದು ಹಡ್ಸನ್ ನದಿಯ ಮಟ್ಟಕ್ಕಿಂತ ಸ್ವಲ್ಪವೇ ಮೇಲಿನಿಂದ. ಮುನ್ನೂರು ಮೀಟರಿಗೂ ಮಿಕ್ಕಿದ ಏರನ್ನು ಮೂರು ಕಿ.ಮೀ. ಚಿಲ್ಲರೆಯಲ್ಲಿ ಏರಬೇಕು. ಅಲ್ಲಿ ಸವೆದು ಹಾಳಾಗಿದ್ದ ಹಳೆಯ ಹಾದಿಯನ್ನು ಬಿಟ್ಟು, ಗ್ರಾನೈಟ್ ಕಲ್ಲನ್ನು ಕೈಯಲ್ಲೇ ಒಡೆದು ಎಂಟುನೂರರಷ್ಟು ಮೆಟ್ಟಿಲು ಕೂರಿಸಿದ್ದಾರೆ. ಕಲ್ಲುಕೆಲಸ ಬಲ್ಲ ಊರಿನವರು ನಿಂತು ನೋಡುವಂಥ ಕೆಲಸ. ಒಂದೊಂದು ಮೆಟ್ಟಿಲೂ ಕೆಳಗಿನದರ ಬೆನ್ನ ಮೇಲೆ ಒಂದಿಷ್ಟು ಏರಿ ಕೂತಿರುತ್ತದೆ, ಮಳೆನೀರು ಪಕ್ಕಕ್ಕೆ ಜಾರುವಂತೆ ಓರೆ ಕೊಟ್ಟಿರುತ್ತಾರೆ.

ಈ ಬೆಟ್ಟದ ನಿಜವಾದ ಲಾಭ ಬೇರೆ. ಶಿಖರಕ್ಕೆ ಕಾರಿನ ರಸ್ತೆಯೂ ಇದೆ, ಪರ್ಕಿನ್ಸ್ ಮೆಮೋರಿಯಲ್ ಡ್ರೈವ್. ಯಜಮಾನರು, ಅಪ್ಪ, ಮಗ ಮೆಟ್ಟಿಲು ಹತ್ತಲಿ. ನೀವು ಅಮ್ಮನನ್ನು ಕಾರಿನಲ್ಲಿ ಕರೆದುಕೊಂಡು ಮೇಲೆ ಹೋಗಿ. ತುದಿಯ ಆಸುಪಾಸಿನ ಹಾದಿಯನ್ನು ಗಾಲಿಕುರ್ಚಿಯೂ ಹೋಗುವ ಹಾಗೆ ಸಮ ಮಾಡಿದ್ದಾರೆ, ಆದ್ದರಿಂದ ಅಮ್ಮನೂ ಅಪಲೇಚಿಯನ್ ಟ್ರೇಲ್ ಮೇಲೆ ನಡೆದಂತಾಯಿತು. ಪರ್ಕಿನ್ಸ್ ಗೋಪುರದ ಬುಡದ ಬಂಡೆಗಳ ಮೇಲೆ ಐವರೂ ಕೂತು ಊಟ ಮಾಡಿ. ಕೆಳಗೆ ಹಡ್ಸನ್ ಕಾಣುತ್ತದೆ. ಮೋಡ, ಮಂಜು ಇಲ್ಲದ ದಿನವಾದರೆ ದಕ್ಷಿಣಕ್ಕೆ ದೂರದಲ್ಲಿ ಮ್ಯಾನ್‌ಹ್ಯಾಟನ್‌ನ ಕಟ್ಟಡಗಳ ಗೆರೆ ಕಾಣುತ್ತದೆ. ಇಳಿಯುವಾಗ ಅದಲು ಬದಲಾಗಿ. ಅಪ್ಪನನ್ನು ಕಾರಿಗೆ ಹತ್ತಿಸಿ, ಈ ವಯಸ್ಸಿನಲ್ಲಿ ಮಂಡಿ ಸವೆಯುವುದು ಇಳಿಯುವಾಗಲೇ. ನೀವು ಮಗನ ಜೊತೆ ಮೆಟ್ಟಿಲಿಳಿದು ಬನ್ನಿ. ಕೆಳಗೆ ಹಾದಿ ಒಂದು ಸಣ್ಣ ಮೃಗಾಲಯದೊಳಗೇ ನುಗ್ಗಿ ಕರಡಿಯ ಬೋನಿನ ಹತ್ತಿರ ಹಾದುಹೋಗುತ್ತದೆ. 3,500 ಕಿ.ಮೀ. ಹಾದಿಯ ಅತಿ ತಗ್ಗಿನ ಬಿಂದು ಅದೇ, ಸಮುದ್ರಮಟ್ಟದಿಂದ 38 ಮೀಟರ್. ದಾಖಲೆ ಬೇಕೆನ್ನುವ ಯಜಮಾನರಿಗೆ ಅದೂ ಒಂದು ದಾಖಲೆ.

ಎರಡನೆಯದು ನಿಮ್ಮ ರಾಜ್ಯದ್ದೇ, ಪಟ್ಟಿಯಲ್ಲೂ ಇದ್ದೀತು: ವರ್ನನ್ ಪಕ್ಕದ ಪೋಚಕ್ ಜೌಗು. ರೂಟ್ 517ರಲ್ಲಿ ಇಳಿದು ಪೂರ್ವಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಕಾಡು ಮುಗಿದು ಹಲಗೆ ಹಾದಿ ಶುರು. ಎರಡೂ ಕಡೆ ಆಳೆತ್ತರದ ಜೊಂಡು, ಅದರ ತುದಿಗೆ ಜೋತುಬಿದ್ದು ಅರಚುವ ಕೆಂಪು ಭುಜದ ಕಪ್ಪು ಹಕ್ಕಿಗಳು. ನಡುವೆ ಮೂವತ್ತು ಮೀಟರಿಗೂ ಉದ್ದದ ತೂಗುಸೇತುವೆ. ಸ್ವಯಂಸೇವಕರು ವರ್ಷಗಟ್ಟಲೆ ದುಡಿದು 2002ರ ಹೊತ್ತಿಗೆ ಈ ಹಲಗೆ ಹಾದಿಯನ್ನು ಪೂರೈಸಿದರು. ಅದಕ್ಕೆ ಮೊದಲು ನಡೆಯುವವರು ಡಾಂಬರು ರಸ್ತೆಯಲ್ಲೇ ಸುತ್ತಬೇಕಿತ್ತು. ಪೂರ್ತಿ ಸಮತಟ್ಟು. ಅಮ್ಮ ಸೇತುವೆಯ ತನಕ ನಿಧಾನವಾಗಿ ಹೋಗಿ ಬರಬಹುದು.

ಅಲ್ಲಿಂದ ಮುಂದೆ ದನ ಮೇಯುವ ಹುಲ್ಲುಗಾವಲು, ರೈಲುಹಳಿ ದಾಟಿ ರೂಟ್ 94. ರಸ್ತೆಯಾಚೆ ವವಯಾಂಡಾ ಬೆಟ್ಟ ಧುತ್ತೆಂದು ಏಳುತ್ತದೆ. ಬಂಡೆಗಳೇ ಮೆಟ್ಟಿಲಾದ ಆ ಏರನ್ನು ಸ್ಟೇರ್‌ವೇ ಟು ಹೆವನ್ ಎನ್ನುತ್ತಾರೆ. ಎರಡು ಕಿ.ಮೀ. ಚಿಲ್ಲರೆ ಏರಿ, ನೀಲಿ ಪಟ್ಟೆ ಹಿಡಿದು ಕೆಲವೇ ಹೆಜ್ಜೆ ಪಕ್ಕಕ್ಕೆ ಹೋದರೆ ಪಿನ್‌ವೀಲ್ ವಿಸ್ಟಾ. ಈಗಷ್ಟೇ ದಾಟಿ ಬಂದ ಕಣಿವೆ ಅಲ್ಲಿಂದ ಇಡಿಯಾಗಿ ಕಾಣುತ್ತದೆ. ಹತ್ತುವವರು 517ರಿಂದ ನಡೆದು ಬರಲಿ, ಅಮ್ಮನ ಜೊತೆಗಿರುವವರು ಕಾರನ್ನು 94ಕ್ಕೆ ತಂದು ನಿಲ್ಲಿಸಲಿ. ಒಂದೇ ಕಾರಿದ್ದರೂ ಹಾದಿಯ ಬಹುಭಾಗವನ್ನು ಎರಡು ಸಲ ತುಳಿಯುವುದು ತಪ್ಪಿತು.

ಮಗನಿಗೆಂದೇ ಒಂದು ದಿನ ತೆಗೆದಿಡಿ. ಹ್ಯಾರಿಮನ್ ಪಾರ್ಕಿನಲ್ಲಿ ಲೆಮನ್ ಸ್ಕ್ವೀಜರ್ ಎಂಬ ಬಂಡೆಯ ಬಿರುಕಿದೆ. ಹಾದಿ ಆ ಬಿರುಕಿನೊಳಗೇ ಹೋಗುತ್ತದೆ. ಬೆನ್ನಚೀಲ ಕಳಚಿ ಕೈಯಲ್ಲಿ ಹಿಡಿದು ಅಡ್ಡಡ್ಡ ನುಸುಳಬೇಕು, ಮುಗಿದ ಕೂಡಲೇ ಕೈಯೂರಿ ಒಂದು ಬಂಡೆ ಹತ್ತಬೇಕು. ಬೇಡವೆನ್ನುವ ದೊಡ್ಡವರಿಗೆ ಬಳಸುದಾರಿ ಇದೆ. ಹತ್ತಿರದಲ್ಲೇ ಐಲ್ಯಾಂಡ್ ಪಾಂಡ್ ಎಂಬ ಕೆರೆ. ಹನ್ನೆರಡರ ಹುಡುಗನಿಗೆ ಹತ್ತು ನೋಟಗಳಿಗಿಂತ ಒಂದು ಇಕ್ಕಟ್ಟಾದ ಬಿರುಕು ಮೇಲು.

ಡೆಲವೇರ್ ವಾಟರ್ ಗ್ಯಾಪ್‌ನ ಸನ್‌ಫಿಶ್ ಪಾಂಡ್ ತಂದೆಯವರ ಜೊತೆ ಹೋಗಲು ಚೆನ್ನ. ಡನ್‌ಫೀಲ್ಡ್ ಕ್ರೀಕ್ ಬಳಿಯಿಂದ ಹೋಗಿಬರಲು 12 ಕಿ.ಮೀ., ಏರು ಸಾವಧಾನ. ಹಿಮಯುಗ ಕೊರೆದಿಟ್ಟ ಈ ಕೊಳವನ್ನು ವಿದ್ಯುತ್ ಯೋಜನೆಯ ಜಲಾಶಯವಾಗಿಸುವ ಪ್ರಸ್ತಾಪ 1960ರ ದಶಕದಲ್ಲಿತ್ತು. ಜನ ಬಿಡಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರೇ ಪ್ರತಿಭಟನಾಕಾರರ ಜೊತೆ ಅಲ್ಲಿಗೆ ನಡೆದು ಹೋಗಿದ್ದರು. ಲಿಂಗನಮಕ್ಕಿಯ ಮುಳುಗಡೆಯನ್ನು ಕಂಡ ತಾಲ್ಲೂಕಿನವರಿಗೆ ಈ ಕತೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಕ್ಟೋಬರ್‌ನಲ್ಲಿ ಅವರು ಹೊರಡುವ ಮೊದಲು ಒಂದು ಉದ್ದ ವಾರಾಂತ್ಯ ಸಿಕ್ಕರೆ ವರ್ಜೀನಿಯಾದ ಶೆನಂಡೋವಾಕ್ಕೆ ಹೋಗಿ. 105 ಮೈಲಿಯ ಸ್ಕೈಲೈನ್ ಡ್ರೈವ್ ಬೆಟ್ಟದ ಏಣಿನ ಮೇಲೇ ಹೋಗುತ್ತದೆ, ಟ್ರೇಲ್ ಅದರ ಪಕ್ಕದಲ್ಲೇ ಹೆಣೆದುಕೊಂಡು ಮತ್ತೆ ಮತ್ತೆ ರಸ್ತೆ ದಾಟುತ್ತದೆ. ಏರುವ ಕೆಲಸವನ್ನೆಲ್ಲ ಕಾರೇ ಮಾಡಿರುತ್ತದೆ. ಸ್ಟೋನಿ ಮ್ಯಾನ್ ಹೋಗಿಬರಲು ಎರಡೂವರೆ ಕಿ.ಮೀ., ಪಾರ್ಕಿನ ಎರಡನೆಯ ಎತ್ತರದ ಶಿಖರ. ಬ್ಲ್ಯಾಕ್‌ರಾಕ್ ಇನ್ನೂ ಕಡಿಮೆ, ಒಂದೂವರೆ ಕಿ.ಮೀ. ಅಮ್ಮನೂ ಬರಬಹುದು, ಊರುಗೋಲು ಇರಲಿ. ಇನ್ನೂ ದಕ್ಷಿಣಕ್ಕೆ, ರೊನೋಕ್ ಹತ್ತಿರದ ಮೆಕಾಫಿ ನಾಬ್ ಫೋಟೊ ನಿಮ್ಮ ಮನೆಯ ಎಲ್ಲರ ಫೋನ್‌ನಲ್ಲೂ ಬಂದಿರುತ್ತದೆ, ಗಾಳಿಯಲ್ಲಿ ಚಾಚಿದ ಬಂಡೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತವರದು. ಚಂದವೇ. ಆದರೆ ಹೋಗಿಬರಲು 13 ಕಿ.ಮೀ. ಆಸುಪಾಸು, ಜೊತೆಗೆ ದಿನವಿಡೀ ಡ್ರೈವಿಂಗ್. ಈ ವರ್ಷಕ್ಕೆ ಬಿಡಿ.

ಯಾವುದನ್ನೇ ಆರಿಸಿ, ಮೈಲಿ ನೋಡಿ ಹೊತ್ತು ಅಂದಾಜು ಮಾಡಬೇಡಿ. 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಹಾಕಿಕೊಟ್ಟ ಲೆಕ್ಕ ಈಗಲೂ ನಡೆಯುತ್ತದೆ: ಐದು ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಗರ ಲೆಕ್ಕ, ನಿಲ್ಲದೆ ನಡೆದರೆ. ಬೇರ್ ಮೌಂಟನ್ ಏರಲು ಅದರ ಪ್ರಕಾರ ಒಂದೂಕಾಲು ಗಂಟೆ ಸಾಕು. ನಿಮ್ಮ ತಂದೆಗೆ ಎರಡು ಗಂಟೆ ಇಟ್ಟುಕೊಳ್ಳಿ. ದಿನದ ಅಳತೆ ಯಾವಾಗಲೂ ಗುಂಪಿನ ಅತಿ ನಿಧಾನದ ಕಾಲಿನದು. ಇದೊಂದು ವಿಷಯದಲ್ಲಿ ಯಜಮಾನರಿಗೆ ರಿಯಾಯಿತಿ ಕೊಡಬೇಡಿ.

ಮೇ, ಜೂನ್, ಜುಲೈ ತಿಂಗಳಲ್ಲಿ ಹೆದರಬೇಕಾದ್ದು ಕರಡಿಗಲ್ಲ, ಉಣುಗಿಗೆ. ಕರಡಿ ಕಂಡರೆ ಓಡದೆ, ಜೋರಾಗಿ ಮಾತಾಡುತ್ತ ಹಿಂದೆ ಸರಿದರೆ ಸಾಮಾನ್ಯವಾಗಿ ಅದೇ ಹೋಗುತ್ತದೆ. ಉಣುಗಿನ ಮರಿ ಗಸಗಸೆ ಕಾಳಿನಷ್ಟಿರುತ್ತದೆ, ಹತ್ತಿದ್ದು ಗೊತ್ತೇ ಆಗುವುದಿಲ್ಲ, ಲೈಮ್ ಕಾಯಿಲೆ ಅಂಟಿಸುತ್ತದೆ. ನಿಮ್ಮ ತಂದೆಗೆ ಇದನ್ನು ಒಂದೇ ಮಾತಿನಲ್ಲಿ ತಿಳಿಸಬಹುದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ, ಸಾಗರ ತಾಲ್ಲೂಕಿನ ಅರಳಗೋಡು ಅದರಿಂದ ನರಳಿದ್ದು ತೀರಾ ಈಚೆಗೆ. ರೋಗ ಬೇರೆ, ಉಣುಗಿನ ಜಾತಿ ಬೇರೆ, ಎಚ್ಚರಿಕೆ ಅದೇ. ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ, ಹಾದಿಯ ನಡುವೆಯೇ ನಡೆಯಿರಿ. ಸಂಜೆ ಸ್ನಾನಕ್ಕೆ ಮುಂಚೆ ಮಂಡಿಯ ಹಿಂಭಾಗ, ಸೊಂಟ, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ. ಅದೇ ದಿನ ತೆಗೆದರೆ ಅಪಾಯ ತೀರಾ ಕಡಿಮೆ. ನಂತರದ ದಿನಗಳಲ್ಲಿ ಜ್ವರ ಬಂದರೆ, ಚರ್ಮದ ಮೇಲೆ ಕೆಂಪು ಹರಡಿದರೆ ಡಾಕ್ಟರಿಗೆ ತೋರಿಸಿ. ಬಿಸಿಲು ಕಾದ ಬಂಡೆಯ ಮೇಲೆ ಕೂರುವ ಮುನ್ನ ಅಂಚು, ಸಂದು ನೋಡಿ, ಬುಡುಬುಡಿಕೆ ಹಾವಿಗೂ ಅಂಥ ಬಂಡೆಯೇ ಇಷ್ಟ. ತಂದೆತಾಯಿಗೆ ಪ್ರವಾಸಿ ವಿಮೆ ಮಾಡಿಸದೆ ಬೆಟ್ಟಕ್ಕೆ ಕರೆದೊಯ್ಯಬೇಡಿ. ಅಮೆರಿಕದಲ್ಲಿ ಕಾಲು ಉಳುಕಿದರೆ ಏನಾಗುತ್ತದೆಂದು ನಿಮಗೇ ಗೊತ್ತು.

ಇನ್ನು ಆ ಎಕ್ಸೆಲ್ ಪಟ್ಟಿ. ಅದನ್ನು ಅಳಿಸಿ ಎಂದು ನಾನು ಹೇಳುವುದಿಲ್ಲ. ಒಂದು ಗೆರೆಯನ್ನು ಪೂರ್ತಿ ನಡೆಯಬೇಕೆಂಬ ಆಸೆ ಕೆಟ್ಟದ್ದಲ್ಲ, ಐವರ ತಲೆಯ ಮೇಲೆ ಅದನ್ನು ಹೇರುವುದು ಮಾತ್ರ ತಪ್ಪು. ಅದಕ್ಕೆ ಕಾಲವೂ ಬೇರೆಯೇ ಇದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಎಲೆಗಳೆಲ್ಲ ಉದುರಿರುತ್ತವೆ, ಬೇಸಿಗೆಯಲ್ಲಿ ಕತ್ತಲಾಗಿದ್ದ ಅದೇ ಏಣಿನ ಎರಡೂ ಬದಿಯಲ್ಲಿ ಕಣಿವೆಗಳು ಕಾಣುತ್ತವೆ, ಉಣುಗಿನ ಮರಿಗಳ ಕಾಟವೂ ಕಡಿಮೆ. ಮಗ ಬೇಸತ್ತ ತುಂಡೂ ಆಗ ಬೇರೆಯೇ ಆಗಿರುತ್ತದೆ. ಯಜಮಾನರು ಒಬ್ಬ ಗೆಳೆಯನನ್ನೂ ಅವನ ಕಾರನ್ನೂ ಜೊತೆ ಮಾಡಿಕೊಂಡು, ಒಂದನ್ನು ಆ ತುದಿಯಲ್ಲಿ, ಒಂದನ್ನು ಈ ತುದಿಯಲ್ಲಿ ನಿಲ್ಲಿಸಿ, ತಮ್ಮ 72 ಮೈಲಿ ಮುಗಿಸಿಕೊಳ್ಳಲಿ. ಬೇಟೆಯ ಕಾಲವಾದ್ದರಿಂದ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಲಿ, ಹಿಮ ಬಿದ್ದ ದಿನ ಮನೆಯಲ್ಲಿರಲಿ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ವಾರಾಂತ್ಯ ನಿಮ್ಮದು, ಆರಿಸುವುದು ನೀವು. ಇದು ನನ್ನ ತೀರ್ಪು. ಬೇಕಿದ್ದರೆ ಈ ಪುಟವನ್ನೇ ಅವರ ಮುಂದಿಡಿ.

ಬೇರ್ ಮೌಂಟನ್‌ಗೆ ಹೊರಡುವ ಹಿಂದಿನ ದಿನ ಪರ್ಕಿನ್ಸ್ ಡ್ರೈವ್ ತೆರೆದಿದೆಯೇ ಎಂದು ಪಾರ್ಕಿನವರಲ್ಲಿ ವಿಚಾರಿಸಿಕೊಳ್ಳಿ, ಚಳಿಗಾಲದಲ್ಲಿ ಆ ರಸ್ತೆ ಮುಚ್ಚಿರುತ್ತದೆ. ಪಾರ್ಕಿಂಗ್‌ಗೆ ಶುಲ್ಕವಿದೆ. ವಾರಾಂತ್ಯದಲ್ಲಿ ಬೇಗ ತುಂಬುತ್ತದೆ, ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿರಿ.